ಪ್ರಯೋಗಶಾಲೆಯಿಂದ ನೀತಿಯೆಡೆಗೆ

ಹಾಸನ ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿ, ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ಘಟ್ಟದ ಹಾದಿಯಲ್ಲಿ ಬಿಸಿಲೆ ಎಂಬ ಊರಿದೆ. ಹೆಸರು ಬಿಸಿಲೆಯಾದರೂ ವರ್ಷದ ಹಲವು ತಿಂಗಳು ಅಲ್ಲಿ ಮಳೆ ಮಂಜುಗಳದೇ ಆಳ್ವಿಕೆ. ಎದುರಿಗೆ ಪುಷ್ಪಗಿರಿ, ಕುಮಾರಪರ್ವತಗಳು ಎದ್ದುನಿಂತಿವೆ. ನಡುವಣ ಕಣಿವೆಯನ್ನು ದಟ್ಟವಾದ ನಿತ್ಯಹರಿದ್ವರ್ಣದ ಕಾಡು ತುಂಬಿದೆ. ಈ ಸೀಮೆಯ ಬೆಟ್ಟದ ನೆತ್ತಿಯಲ್ಲಿ ಬಿದ್ದ ಮಳೆಯ ನೀರು ಎರಡಾಗಿ ಹಂಚಿಹೋಗುತ್ತದೆ. ಪೂರ್ವಕ್ಕೆ ಹರಿದ ನೀರು ಹೇಮಾವತಿಯನ್ನು ಸೇರಿ, ಕಾವೇರಿಯೊಡನೆ ಬಂಗಾಳ ಕೊಲ್ಲಿಯನ್ನು ಮುಟ್ಟುತ್ತದೆ. ಪಶ್ಚಿಮಕ್ಕೆ ಹರಿದ ನೀರು ಗುಂಡ್ಯ ಹೊಳೆಯಾಗಿ, ಕುಮಾರಧಾರೆ ನೇತ್ರಾವತಿಗಳೊಡನೆ ಅರಬ್ಬೀ ಸಮುದ್ರಕ್ಕೆ ಸಲ್ಲುತ್ತದೆ.

ಈ ಪಶ್ಚಿಮದ ಹೊಳೆಗಳಿಂದ ವಿದ್ಯುತ್ತನ್ನು ಪಡೆಯಲು ಕರ್ನಾಟಕ ವಿದ್ಯುತ್ ನಿಗಮವು ಗುಂಡ್ಯ ಜಲವಿದ್ಯುತ್ ಯೋಜನೆಯನ್ನು ರೂಪಿಸಿತು. ಎತ್ತಿನಹೊಳೆ, ಕೇರಿಹೊಳೆ, ಹೊಂಗಡಹಳ್ಳ, ಬೆಟ್ಟಕುಮರಿ ಮೊದಲಾದ ತೊರೆಗಳ ನೀರನ್ನು ಒಟ್ಟುಗೂಡಿಸಿ, ಘಟ್ಟದ ಕೆಳಗೆ ಧುಮುಕಿಸಿ, ಮೊದಲ ಹಂತದಲ್ಲಿ 200 ಮೆಗಾವಾಟ್ ವಿದ್ಯುತ್ತನ್ನು ಉತ್ಪಾದಿಸಬೇಕೆಂಬುದು ಅದರ ಉದ್ದೇಶ. ನಾಡಿಗೆ ವಿದ್ಯುತ್ತು ಬೇಕು. ರೈತನ ಪಂಪ್‌ಸೆಟ್ಟಿಗೂ, ಕಾರ್ಖಾನೆಯ ಯಂತ್ರಕ್ಕೂ, ವಿದ್ಯಾರ್ಥಿಯ ದೀಪಕ್ಕೂ ಅದು ಬೇಕು. ಆದರೆ ಆ ಕಾಡು ಅಪರೂಪದ ಸಿಂಗಳೀಕಗಳ ನೆಲೆ. 1986ರಲ್ಲಿ ವಿಜ್ಞಾನಕ್ಕೆ ಹೊಸದೆಂದು ಗುರುತಿಸಲ್ಪಟ್ಟು, ಗುಂಡ್ಯದ ಹೆಸರನ್ನೇ ಪಡೆದ ಕಪ್ಪೆಯೊಂದು ಅಲ್ಲಿಯ ನಿವಾಸಿ. ಏಲಕ್ಕಿ, ಕಾಫಿ, ಭತ್ತಗಳನ್ನು ಬೆಳೆದು ಬಾಳುವ ಜನರ ಮನೆಗಳೂ ಅಲ್ಲಿವೆ. ಹಾಗಾದರೆ ಅಣೆಕಟ್ಟನ್ನು ಕಟ್ಟಬೇಕೆ, ಬೇಡವೆ?

ಈ ಪ್ರಶ್ನೆಗೆ ಉತ್ತರ ಹೇಳುವವರು ಯಾರು? ನೀರು ಎಷ್ಟು ಎತ್ತರದಿಂದ ಬಿದ್ದರೆ ಎಷ್ಟು ವಿದ್ಯುತ್ತು ಹುಟ್ಟುವುದೆಂಬುದನ್ನು ಎಂಜಿನಿಯರು ಬಲ್ಲನು. ಕಾಡು ಮುಳುಗಿದರೆ ಯಾವ ಜೀವಿ ಅಳಿಯುವುದೆಂಬುದನ್ನು ಜೀವವಿಜ್ಞಾನಿ ಬಲ್ಲನು. ಖರ್ಚು ವರಮಾನಗಳ ಲೆಕ್ಕ ಅರ್ಥಶಾಸ್ತ್ರಜ್ಞನಿಗೆ ಗೊತ್ತು. ಊರಿನ ಕಷ್ಟಸುಖಗಳು ಊರಿನವರಿಗೆ ಗೊತ್ತು. ಒಬ್ಬೊಬ್ಬರ ಅರಿವೂ ಸತ್ಯವೇ. ಆದರೆ ಯಾರೊಬ್ಬರ ಅರಿವೂ ಪೂರ್ಣವಲ್ಲ. ಇವೆಲ್ಲವನ್ನೂ ಒಂದೆಡೆಗೆ ತಂದು ತೂಗಿ ನೋಡಿ, ಜನಪ್ರತಿನಿಧಿಗಳು ತಿಳಿದು ತೀರ್ಮಾನಿಸುವಂತೆ ಮುಂದಿಡುವ ವಿದ್ಯೆಗೆ ತಂತ್ರಜ್ಞಾನ ನೀತಿ ಎಂದು ಹೆಸರು.

ನೀತಿ ಎಂಬ ಮಾತು ನಮಗೆ ಹೊಸದಲ್ಲ. ಒಳ್ಳೆಯ ನಡತೆಗೂ ಅದೇ ಹೆಸರು, ರಾಜ್ಯವನ್ನು ನಡೆಸುವ ಕ್ರಮಕ್ಕೂ ಅದೇ ಹೆಸರು. ಸಂಸ್ಕೃತದಲ್ಲಿ ‘ನೀ’ ಎಂಬ ಧಾತುವಿಗೆ ಕರೆದೊಯ್ಯುವುದು ಎಂದು ಅರ್ಥ; ನೀತಿ, ನಾಯಕ, ನೇತಾರ ಎಂಬ ಮೂರೂ ಶಬ್ದಗಳು ಅದರಿಂದಲೇ ಹುಟ್ಟಿವೆ. ಯಂತ್ರವು ಎಷ್ಟೇ ಬಲಶಾಲಿಯಾದರೂ ಎತ್ತ ಸಾಗಬೇಕೆಂಬುದನ್ನು ಅದು ತಾನೇ ಅರಿಯಲಾರದು. ಅದನ್ನು ಕರೆದೊಯ್ಯುವುದು ನೀತಿಯ ಕೆಲಸ. ಆ ಕೆಲಸಕ್ಕೆ ತಕ್ಕವರನ್ನು ಕರೆತರುವುದು ನಾಯಕನ ಕೆಲಸ.

ಪದವಿ ಪಡೆದ ಮಾತ್ರಕ್ಕೆ ಇಂತಹವರು ಸಿದ್ಧರಾಗುವುದಿಲ್ಲ. ತನ್ನ ವೃತ್ತಿಯಲ್ಲಿ ಹತ್ತಾರು ವರ್ಷ ದುಡಿದು ಹೆಸರು ಪಡೆದವನು ಅದರಿಂದ ಹೊರಬಂದು, ಮತ್ತೆ ವಿದ್ಯಾರ್ಥಿಯಂತೆ ಕಲಿಯಬೇಕಾಗುತ್ತದೆ. ಹಾಗೆ ಬರುವವರಿಗೆ ಹಾದಿಯೂ ಬೇಕು, ಹಾದಿಯಲ್ಲಿ ಆಸರೆಯೂ ಬೇಕು. ಕರ್ನಾಟಕದಲ್ಲಿ ಈ ಹಾದಿಯನ್ನು ಮೊದಲು ತಾವೇ ನಡೆದು, ಅನಂತರ ಇತರರಿಗಾಗಿ ಅಗಲಗೊಳಿಸಿದವರಲ್ಲಿ ಅಮೂಲ್ಯ ರೆಡ್ಡಿಯವರು ಪ್ರಮುಖರು.

ರೆಡ್ಡಿಯವರು 1930ರ ಅಕ್ಟೋಬರ್ 21ರಂದು ಬೆಂಗಳೂರಿನಲ್ಲಿ ಜನಿಸಿದರು. ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 1958ರಲ್ಲಿ ಡಾಕ್ಟರೇಟ್ ಪಡೆದರು. ಕಾರೈಕುಡಿಯಲ್ಲಿಯೂ ಅಮೆರಿಕದಲ್ಲಿಯೂ ಸಂಶೋಧನೆ ನಡೆಸಿ, 1966ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದರು. ಅವರ ವಿಷಯ ವಿದ್ಯುದ್ರಸಾಯನಶಾಸ್ತ್ರ. ಬಾಕ್ರಿಸ್ ಅವರೊಡನೆ ಬರೆದ ಗ್ರಂಥವು 1970ರಲ್ಲಿ ಪ್ರಕಟವಾಗಿ, ಜಗತ್ತಿನ ಅನೇಕ ವಿಶ್ವವಿದ್ಯಾನಿಲಯಗಳಲ್ಲಿ ಪಠ್ಯವಾಯಿತು. ಅದೇ ವಿಷಯದಲ್ಲಿ ಮುಂದುವರಿದಿದ್ದರೆ ಗೌರವಕ್ಕೆ ಕೊರತೆಯಿರಲಿಲ್ಲ. ಆದರೆ ತಾವು ಕಲಿತ ವಿಜ್ಞಾನವು ನಾಡಿನ ಬಡವರಿಗೆ ಏನು ಮಾಡಿದೆ ಎಂಬ ಪ್ರಶ್ನೆ ಅವರನ್ನು ಸುಮ್ಮನಿರಗೊಡಲಿಲ್ಲ.

1974ರಲ್ಲಿ ಅವರು ಸಹೋದ್ಯೋಗಿಗಳೊಡಗೂಡಿ ‘ಅಸ್ತ್ರ’ ಎಂಬ ಕೇಂದ್ರವನ್ನು ಕಟ್ಟಿದರು. ಗ್ರಾಮಗಳಿಗೆ ವಿಜ್ಞಾನ ಮತ್ತು ತಂತ್ರಜ್ಞಾನವನ್ನು ಅನ್ವಯಿಸುವುದು ಅದರ ಗುರಿ. ಮರುವರ್ಷವೇ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯು ಸ್ಥಾಪನೆಯಾಯಿತು. ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ಸತೀಶ್ ಧವನ್ ಅವರ ಬೆಂಬಲ ಈ ಪ್ರಯತ್ನಗಳಿಗೆ ದೊರೆಯಿತು. ರೆಡ್ಡಿಯವರು ಮಂಡಳಿಯ ಕಾರ್ಯದರ್ಶಿಯಾಗಿ ದುಡಿದರು. ಸರ್ಕಾರದ ಇಲಾಖೆಗಳು ಎದುರಿಸುತ್ತಿದ್ದ ಸಮಸ್ಯೆಗಳು ಈ ಮಂಡಳಿಯ ಮೂಲಕ ವಿಜ್ಞಾನಿಗಳ ಮುಂದೆ ಬಂದವು. ವಿಜ್ಞಾನಿಗಳ ಅರಿವು ಇಲಾಖೆಗಳಿಗೆ ತಲುಪಿತು. ಕಟ್ಟಡ, ಯಂತ್ರ, ರಸಾಯನ ಮೊದಲಾದ ಬೇರೆ ಬೇರೆ ಶಾಸ್ತ್ರಗಳಲ್ಲಿ ಪಳಗಿದವರು ತಮ್ಮ ವಿಭಾಗದ ಗೋಡೆಗಳನ್ನು ದಾಟಿ, ಒಂದೇ ಮೇಜಿನ ಸುತ್ತ ಕುಳಿತು ಹಳ್ಳಿಯ ಒಲೆಯ ಬಗ್ಗೆ ಚರ್ಚಿಸತೊಡಗಿದರು.

ಒಲೆಯ ಬಗ್ಗೆಯೇ ಏಕೆ? ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅಸ್ತ್ರದ ವಿಸ್ತರಣಾ ಕೇಂದ್ರವಿತ್ತು. ಅಲ್ಲಿಯ ಕೆಲವು ಹಳ್ಳಿಗಳಲ್ಲಿ ಯಾವ ಕೆಲಸಕ್ಕೆ ಯಾವ ಶಕ್ತಿ ಎಷ್ಟು ವೆಚ್ಚವಾಗುತ್ತದೆ ಎಂಬುದನ್ನು ಮನೆಮನೆಗೂ ಹೋಗಿ ಅಳೆಯಲಾಯಿತು. ಪುರ ಎಂಬ ಹಳ್ಳಿಯಲ್ಲಿ ಬಳಕೆಯಾಗುತ್ತಿದ್ದ ಶಕ್ತಿಯ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ಸೌದೆಯಿಂದಲೇ ಬರುತ್ತಿತ್ತು. ವಿದ್ಯುತ್ತಿನ ಪಾಲು ತೀರ ಅಲ್ಪ. ಸೌದೆ ತರುವ, ನೀರು ಹೊರುವ ದುಡಿಮೆಯ ಭಾರ ಹೆಂಗಸರ ಮೇಲೆಯೂ ಮಕ್ಕಳ ಮೇಲೆಯೂ ಬಿದ್ದಿತ್ತು. ರಾಜಧಾನಿಯಲ್ಲಿ ಶಕ್ತಿಯ ಯೋಜನೆ ಎಂದರೆ ವಿದ್ಯುದಾಗಾರ, ಕಲ್ಲಿದ್ದಲು, ತೈಲ ಎಂದು ಭಾವಿಸುತ್ತಿದ್ದ ಕಾಲದಲ್ಲಿ, ಹಳ್ಳಿಯ ಶಕ್ತಿಯ ಕೇಂದ್ರ ಅಡಿಗೆಮನೆಯೆಂಬುದನ್ನು ಈ ಅಳತೆ ತೋರಿಸಿತು. ಕಡಿಮೆ ಸೌದೆ ಉರಿಸಿ, ಹೊಗೆಯನ್ನು ಕೊಳವೆಯ ಮೂಲಕ ಹೊರಗೆ ಕಳಿಸುವ ‘ಅಸ್ತ್ರ ಒಲೆ’ ಇಂತಹ ಚಿಂತನೆಯ ಫಲ.

ಎಲ್ಲ ಪ್ರಯತ್ನಗಳೂ ಮೊದಲ ಸಲಕ್ಕೇ ಫಲಿಸಲಿಲ್ಲ. ಪುರದಲ್ಲಿ ಊರಿಗೆಲ್ಲ ಅಡಿಗೆಯ ಅನಿಲ ಒದಗಿಸಲೆಂದು ಸಾಮೂಹಿಕ ಗೋಬರ್ ಅನಿಲ ಸ್ಥಾವರವನ್ನು ಕಟ್ಟಿದಾಗ, ಸಗಣಿ ಸಾಲದೆ ಆ ಉದ್ದೇಶ ಕೈಗೂಡಲಿಲ್ಲ. ಊರಿನವರನ್ನು ಕೇಳಿದಾಗ ಅವರಿಗೆ ಮೊದಲು ಬೇಕಾಗಿದ್ದುದು ಕುಡಿಯುವ ನೀರೆಂದು ತಿಳಿಯಿತು. 1987ರಿಂದ ಅದೇ ಅನಿಲದಿಂದ ಎಂಜಿನ್ ನಡೆಸಿ, ವಿದ್ಯುತ್ ಉತ್ಪಾದಿಸಿ, ಮನೆಗಳಿಗೆ ದೀಪವನ್ನೂ ಕೊಳವೆಬಾವಿಯ ನೀರನ್ನೂ ಒದಗಿಸಲಾಯಿತು. ಜನರ ಅಗತ್ಯವನ್ನು ಜನರಿಂದಲೇ ಅರಿಯಬೇಕೆಂಬ ಪಾಠವನ್ನು ದೊಡ್ಡ ವಿದ್ವಾಂಸರೂ ಹೀಗೆ ಒಂದು ಸಣ್ಣ ಹಳ್ಳಿಯಲ್ಲಿ ಕಲಿತರು.

ಹಳ್ಳಿಯಲ್ಲಿ ಕಲಿತ ಈ ಪಾಠವನ್ನು ರೆಡ್ಡಿಯವರು ಇಡೀ ರಾಜ್ಯಕ್ಕೆ ಅನ್ವಯಿಸಿದರು. ಕರ್ನಾಟಕದ ವಿದ್ಯುತ್ ಯೋಜನೆಗಳಿಗಾಗಿ 1987ರಲ್ಲಿ ಸಿದ್ಧವಾದ ದೀರ್ಘಾವಧಿ ಯೋಜನೆಯೊಂದು, 2000ದ ಹೊತ್ತಿಗೆ ಸುಮಾರು 9,400 ಮೆಗಾವಾಟ್ ಸಾಮರ್ಥ್ಯ ಬೇಕೆಂದು ಅಂದಾಜು ಮಾಡಿತ್ತು. ರೆಡ್ಡಿಯವರೂ ಅವರ ಸಂಗಡಿಗರೂ ಲೆಕ್ಕವನ್ನು ಇನ್ನೊಂದು ತುದಿಯಿಂದ ಆರಂಭಿಸಿದರು. ಎಷ್ಟು ವಿದ್ಯುತ್ತು ಬೇಕು ಎಂದು ಕೇಳುವ ಮೊದಲು, ಅದರಿಂದ ಯಾವ ಸೇವೆ ಯಾರಿಗೆ ದೊರೆಯಬೇಕು ಎಂದು ಕೇಳಿದರು. ಎಲ್ಲ ಮನೆಗಳಿಗೂ ದೀಪ, ರೈತರಿಗೆ ನೀರು, ಜನರಿಗೆ ಉದ್ಯೋಗ ಇವುಗಳನ್ನು ಗುರಿಯಾಗಿಟ್ಟುಕೊಂಡು, ಉತ್ತಮ ದೀಪಗಳನ್ನೂ ಪಂಪುಗಳನ್ನೂ ಬಳಸಿ, ಪೋಲನ್ನು ತಡೆದರೆ ಸುಮಾರು 4,000 ಮೆಗಾವಾಟ್ ಸಾಕಾಗುವುದೆಂದು ತೋರಿಸಿದರು. ಈ ಎರಡು ಅಂಕಿಗಳ ನಡುವಿನ ಅಂತರದಲ್ಲಿ ಎಷ್ಟೋ ಕಣಿವೆಗಳೂ ಎಷ್ಟೋ ಊರುಗಳೂ ಅಡಗಿದ್ದವೆಂಬುದನ್ನು ಮರೆಯಬಾರದು.

ಒಬ್ಬರ ಸಾಧನೆ ಒಬ್ಬರೊಡನೆಯೇ ಮುಗಿಯಬಾರದೆಂದು ರೆಡ್ಡಿಯವರು ಬಯಸಿದರು. 1991ರಲ್ಲಿ ಅವರು ಬೆಂಗಳೂರನ್ನು ಕೇಂದ್ರವಾಗಿಟ್ಟುಕೊಂಡು ಅಂತರರಾಷ್ಟ್ರೀಯ ಶಕ್ತಿ ಉಪಕ್ರಮ ಎಂಬ ಸಂಸ್ಥೆಯನ್ನು ಆರಂಭಿಸಿದರು. ಮಾಹಿತಿ, ತರಬೇತಿ, ವಿಶ್ಲೇಷಣೆ, ಪ್ರತಿಪಾದನೆ, ಕಾರ್ಯ ಎಂಬ ಐದು ಹೊಣೆಗಳನ್ನು ಅದು ಹೊತ್ತುಕೊಂಡಿತು. ಈ ಐದರ ಅನುಕ್ರಮವೇ ವೃತ್ತಿಪರನೊಬ್ಬನು ನೀತಿಯ ಕ್ಷೇತ್ರಕ್ಕೆ ಬರುವಾಗ ಏರಬೇಕಾದ ಮೆಟ್ಟಿಲುಗಳನ್ನು ಸೂಚಿಸುತ್ತದೆ. ಮೊದಲು ಸಂಗತಿಗಳನ್ನು ಅರಿಯಬೇಕು; ಅವನ್ನು ತೂಗುವ ಕ್ರಮವನ್ನು ಕಲಿಯಬೇಕು; ಸ್ವತಃ ತೂಗಿ ನೋಡಬೇಕು; ಕಂಡುದನ್ನು ಮಂತ್ರಿಗೂ ಹಳ್ಳಿಗನಿಗೂ ತಿಳಿಯುವ ಮಾತಿನಲ್ಲಿ ಹೇಳಬೇಕು; ಕಡೆಗೆ ಅದು ಕಾರ್ಯಗತವಾಗುವಂತೆ ದುಡಿಯಬೇಕು. ಪ್ರಯೋಗಶಾಲೆಯಲ್ಲಿ ಪಳಗಿದವರಿಗೆ ಕೊನೆಯ ಎರಡು ಮೆಟ್ಟಿಲುಗಳೇ ಕಡಿದಾಗಿ ತೋರುತ್ತವೆ. ರೆಡ್ಡಿಯವರು 2006ರ ಮೇ 7ರಂದು ನಿಧನರಾದರು.

ಇದೇ ವಿಜ್ಞಾನ ಸಂಸ್ಥೆಗೆ 1973ರಲ್ಲಿ ಬಂದ ಮಾಧವ ಗಾಡ್ಗೀಳರು ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಗಣಿತದ ನೆರವಿನಿಂದ ಪರಿಸರವಿಜ್ಞಾನವನ್ನು ಅಭ್ಯಸಿಸಿದವರು. 1970ರ ದಶಕದ ಮಧ್ಯಭಾಗದಲ್ಲಿ ಕರ್ನಾಟಕದ ಬಿದಿರಿನ ಸಂಪತ್ತನ್ನು ಪರಿಶೀಲಿಸುವ ಕೆಲಸ ಅವರಿಗೆ ಬಂದಿತು. ಬಿದಿರಿನ ಮೆಳೆಯ ಬುಡದಲ್ಲಿದ್ದ ಮುಳ್ಳನ್ನು ತೆರವು ಮಾಡಿದರೆ ಮೆಳೆ ಚೆನ್ನಾಗಿ ಬೆಳೆಯುವುದೆಂಬ ನಂಬಿಕೆ ಅರಣ್ಯ ಇಲಾಖೆಯಲ್ಲಿತ್ತು. ಮುಳ್ಳು ಹೋದರೆ ಎಳೆಯ ಕಳಲೆಯನ್ನು ದನಕರುಗಳೂ ಕಾಡುಪ್ರಾಣಿಗಳೂ ತಿಂದುಬಿಡುತ್ತವೆ ಎಂದು ಹಳ್ಳಿಗರು ಹೇಳುತ್ತಿದ್ದರು. ಗಾಡ್ಗೀಳರು ಕಾಡಿನಲ್ಲಿಯೇ ಪರೀಕ್ಷಿಸಿ ನೋಡಿದಾಗ ಹಳ್ಳಿಗರ ಮಾತೇ ನಿಜವಾಯಿತು.

ಹೀಗೆ ಕಾಡಿನಲ್ಲಿ ಪಳಗಿದ ವಿಜ್ಞಾನಿಯ ಮುಂದೆ ಮೂರು ದಶಕಗಳ ಬಳಿಕ ಬಿಸಿಲೆಯ ಪ್ರಶ್ನೆ ಬಂದುನಿಂತಿತು. ಕೇಂದ್ರ ಸರ್ಕಾರವು 2010ರಲ್ಲಿ ಪಶ್ಚಿಮಘಟ್ಟದ ಪರಿಸರವನ್ನು ಕುರಿತು ಗಾಡ್ಗೀಳರ ಅಧ್ಯಕ್ಷತೆಯಲ್ಲಿ ತಜ್ಞರ ಸಮಿತಿಯನ್ನು ನೇಮಿಸಿತು. ಗುಂಡ್ಯ ಯೋಜನೆಯನ್ನೂ ಪರಿಶೀಲಿಸಿದ ಸಮಿತಿಯು, ಅದನ್ನು ಕೈಗೊಳ್ಳಬಾರದೆಂದು 2011ರ ವರದಿಯಲ್ಲಿ ಶಿಫಾರಸು ಮಾಡಿತು. ಬಾಹ್ಯಾಕಾಶ ವಿಜ್ಞಾನದಿಂದ ನೀತಿಯ ಕ್ಷೇತ್ರಕ್ಕೆ ಬಂದ ಕಸ್ತೂರಿರಂಗನ್ ಅವರ ನೇತೃತ್ವದ ತಂಡವು 2013ರಲ್ಲಿ ಗಾಡ್ಗೀಳರ ಅನೇಕ ಸಲಹೆಗಳನ್ನು ಒಪ್ಪಲಿಲ್ಲ; ಆದರೂ ಗುಂಡ್ಯ ಯೋಜನೆಯನ್ನು ಮರುಪರಿಶೀಲನೆ ಮಾಡದೆ ಮುಂದುವರಿಸಬಾರದೆಂದಿತು.

ಪ್ರಶ್ನೆ ಅಲ್ಲಿಗೇ ಮುಗಿಯಲಿಲ್ಲ. ಕೋಲಾರ, ಚಿಕ್ಕಬಳ್ಳಾಪುರ ಮೊದಲಾದ ಬರದ ಜಿಲ್ಲೆಗಳಿಗೆ ನೀರೊದಗಿಸಲು ಸಕಲೇಶಪುರದ ಅದೇ ತೊರೆಗಳತ್ತ ನಾಡು ನೋಡಿತು. ಎತ್ತಿನಹೊಳೆ ಯೋಜನೆಗೆ 2014ರಲ್ಲಿ ಶಂಕುಸ್ಥಾಪನೆಯಾಗಿ, 2024ರ ಸೆಪ್ಟೆಂಬರಿನಲ್ಲಿ ಮೊದಲ ಹಂತ ಉದ್ಘಾಟನೆಯಾಯಿತು. 24 ಟಿ.ಎಂ.ಸಿ. ನೀರು ದೊರೆಯುವುದೆಂಬ ಅಂದಾಜಿನ ಬಗ್ಗೆ ತಜ್ಞರಲ್ಲಿ ವಾದವಿವಾದಗಳು ನಡೆದವು. ಒಂದು ಕಡೆ ಬಯಲುಸೀಮೆಯ ಬತ್ತಿದ ಕೊಡ, ಇನ್ನೊಂದು ಕಡೆ ಘಟ್ಟದ ಕಾಡು. ಎರಡೂ ನಮ್ಮವೇ. ಅಳತೆಯನ್ನು ಸರಿಯಾಗಿ ಮಾಡಿ, ಎರಡೂ ಕಡೆಯವರ ಮಾತನ್ನು ಕಿವಿಗೊಟ್ಟು ಕೇಳಿ, ಸತ್ಯವನ್ನು ಅಂಜದೆ ಹೇಳುವವರ ಅಗತ್ಯ ಇಂತಹ ಸಂದರ್ಭದಲ್ಲಿಯೇ ಹೆಚ್ಚು.

ಈ ಅಗತ್ಯವನ್ನು ಅರಿತ ಪ್ರಯತ್ನಗಳು ಬೇರೆ ಬೇರೆ ಕಡೆ ನಡೆದಿವೆ. ಅಮೆರಿಕದಲ್ಲಿ 1973ರಲ್ಲಿ ಏಳು ಮಂದಿ ವಿಜ್ಞಾನಿಗಳನ್ನೂ ಎಂಜಿನಿಯರುಗಳನ್ನೂ ಆರಿಸಿ, ಅಲ್ಲಿಯ ಶಾಸನಸಭೆಯಾದ ಕಾಂಗ್ರೆಸ್ಸಿನ ಸದಸ್ಯರಿಗೆ ನೆರವಾಗಲು ಕಳಿಸುವ ಕ್ರಮ ಆರಂಭವಾಯಿತು. ಜೆ. ಆರ್. ಡಿ. ಟಾಟಾ ಅವರ ಆಶಯದಂತೆ 1988ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯು ಸ್ಥಾಪನೆಯಾಯಿತು. ಅಣುವಿಜ್ಞಾನಿ ರಾಜಾ ರಾಮಣ್ಣನವರು ಅದರ ಮೊದಲ ನಿರ್ದೇಶಕರು. ವಿಜ್ಞಾನಿಗಳು, ಆಡಳಿತಗಾರರು, ಉದ್ಯಮಿಗಳು ಒಂದೆಡೆ ಕಲೆತು ಕಲಿಯುವ ಅವಕಾಶವನ್ನು ಅದು ಕಲ್ಪಿಸಿತು. ಅದೇ ನಗರದಲ್ಲಿ 2009ರಲ್ಲಿ ಆರಂಭವಾದ ತಕ್ಷಶಿಲಾ ಸಂಸ್ಥೆಯು, ಉದ್ಯೋಗದಲ್ಲಿದ್ದುಕೊಂಡೇ ಸಾರ್ವಜನಿಕ ನೀತಿಯನ್ನು ಕಲಿಯಬಯಸುವವರಿಗೆ ಶಿಕ್ಷಣ ನೀಡುತ್ತ ಬಂದಿದೆ. ತಂತ್ರಜ್ಞಾನ ನೀತಿಯೂ ಅದರ ಪಾಠಗಳಲ್ಲಿ ಸೇರಿದೆ. ನದಿಯ ನೀರಿನಂತೆಯೇ ಗಣಕಯಂತ್ರ, ದೂರಸಂಪರ್ಕ, ಕೃತಕ ಬುದ್ಧಿಮತ್ತೆಗಳೂ ಈಗ ನೀತಿಯ ಪ್ರಶ್ನೆಗಳಾಗಿವೆ.

ಇಂತಹ ಕಾರ್ಯಕ್ರಮವನ್ನು ನಡೆಸುವವರ ಹೊಣೆ ಸಾಮಾನ್ಯವಾದುದಲ್ಲ. ತಮ್ಮ ವಿಷಯದಲ್ಲಿ ಗಟ್ಟಿಯಾದವರನ್ನೇ ಆರಿಸಬೇಕು. ಏಕೆಂದರೆ ಬೇರಿಲ್ಲದವನು ಕೊಂಬೆ ಚಾಚಲಾರನು. ಅವರ ವಿದ್ಯೆಯನ್ನು ಮರೆಸದೆ, ವಿದ್ಯೆಯ ಹಮ್ಮನ್ನು ಮಾತ್ರ ಕರಗಿಸಬೇಕು. ಕಡತವನ್ನು ಓದಲು, ಕಾನೂನನ್ನು ಅರಿಯಲು, ನೂರು ಪುಟದ ವರದಿಯನ್ನು ಎರಡು ಪುಟಗಳಿಗೆ ಇಳಿಸಲು ಕಲಿಸಬೇಕು. ಕಚೇರಿಯ ಮೇಜಿನ ಬಳಿಗೆ ಕಳಿಸುವಂತೆಯೇ ಹೊಳೆಯ ದಡಕ್ಕೂ ಒಲೆಯ ಮುಂದಕ್ಕೂ ಕಳಿಸಬೇಕು. ಸಲಹೆ ಹೇಳುವವನು ಅರಸನಲ್ಲವೆಂಬುದನ್ನೂ ತಿಳಿಸಬೇಕು. ಪ್ರಜಾಪ್ರಭುತ್ವದಲ್ಲಿ ತೀರ್ಮಾನಿಸುವವರು ಜನರು ಆರಿಸಿದ ಪ್ರತಿನಿಧಿಗಳು. ಸಲಹೆ ತಿರಸ್ಕೃತವಾದಾಗಲೂ ಎದೆಗುಂದದೆ, ಮತ್ತೆ ಅಳೆದು, ಮತ್ತೆ ಹೇಳುವ ತಾಳ್ಮೆಯೇ ಈ ವೃತ್ತಿಯ ಮೂಲಧನ.

ಇಂದು ವಿಜ್ಞಾನವನ್ನೋ ಗಣಿತವನ್ನೋ ಆಸಕ್ತಿಯಿಂದ ಓದುತ್ತಿರುವ ಬಾಲಕ ಬಾಲಕಿಯರಲ್ಲಿ ಕೆಲವರು ನಾಳೆ ಎಂಜಿನಿಯರುಗಳೂ ವೈದ್ಯರೂ ವಿಜ್ಞಾನಿಗಳೂ ಆಗುವರು. ಯಂತ್ರವನ್ನು ಕಟ್ಟುವ ಜಾಣ್ಮೆಯೊಡನೆ ಅದು ಯಾರಿಗಾಗಿ, ಯಾವ ಬೆಲೆಗೆ ಎಂದು ಕೇಳುವ ವಿವೇಕವೂ ಅವರಲ್ಲಿ ಬೆಳೆದರೆ, ತಂತ್ರಜ್ಞಾನವೂ ನೀತಿಯೂ ಕೂಡಿ ನಡೆದು ನಾಡಿನ ಬದುಕು ಹಸನಾಗುವುದರಲ್ಲಿ ಸಂದೇಹವಿಲ್ಲ.