ಅನುಮಾನಕ್ಕೂ ಒಂದು ದರವಿದೆ

ಹಳೆಯ ಕಾರು ಮಾರುವವರಿಗೆ ಒಂದು ಅನುಕೂಲವಿದೆ. ಯಾವ ವರ್ಷದ್ದು, ಎಷ್ಟು ಕಿಲೋಮೀಟರ್ ಓಡಿದೆ ಎಂದರೆ ಸಾಕು, ಬೆಲೆ ಹೆಚ್ಚೂಕಡಿಮೆ ಹೊಳೆದುಬಿಡುತ್ತದೆ. ಕೋಲ್ಕತ್ತಾದ ಕುಶಲಕರ್ಮಿಯೊಬ್ಬರು ಕೈಯಾರೆ ಮಾಡಿಕೊಟ್ಟ ನನ್ನ ಲ್ಯಾಪ್ ಸ್ಟೀಲ್ ಗಿಟಾರ್ ಮಾರಲು ಹೊರಟಾಗ ಅಂಥ ಅಳತೆಗೋಲು ಯಾವುದೂ ಸಿಗಲಿಲ್ಲ. ಮನೆಯಲ್ಲಿ ಎರಡು ವಾದ್ಯಗಳಿದ್ದವು, ನುಡಿಸುತ್ತಿದ್ದದ್ದು ಒಂದನ್ನೇ. ಸುಮ್ಮನೆ ಮಲಗಿದ ವಾದ್ಯ ಪ್ರತಿ ಮಳೆಗಾಲಕ್ಕೂ ಒಂದಿಷ್ಟು ಬೆಲೆ ಕಳೆದುಕೊಳ್ಳುತ್ತದೆ.

ತೊಡೆಯ ಮೇಲೆ ಮಲಗಿಸಿ, ತಂತಿಯ ಮೇಲೆ ಉಕ್ಕಿನ ತುಂಡು ಜಾರಿಸಿ ನುಡಿಸುವ ಈ ಗಿಟಾರ್ ಹುಟ್ಟಿದ್ದು ಹವಾಯಿಯಲ್ಲಿ. ನಮ್ಮಲ್ಲಿ ಬ್ರಿಜ್ ಭೂಷಣ್ ಕಾಬ್ರಾ ಅದನ್ನು ರಾಗಸಂಗೀತಕ್ಕೆ ಒಗ್ಗಿಸಿದರು. 1967ರ ‘ಕಾಲ್ ಆಫ್ ದಿ ವ್ಯಾಲಿ’ ಧ್ವನಿಮುದ್ರಿಕೆಯಲ್ಲಿ ಸಂತೂರ್, ಕೊಳಲುಗಳ ಜೊತೆ ಕೇಳುವುದು ಅವರ ಗಿಟಾರೇ. ಮುಂದೆ ವಿಶ್ವಮೋಹನ ಭಟ್ ಮೋಹನವೀಣೆ ಸೃಷ್ಟಿಸಿದರು, ದೇಬಾಶಿಶ್ ಭಟ್ಟಾಚಾರ್ಯ ಚತುರಂಗಿ ರೂಪಿಸಿದರು. ಹೀಗೆ ಒಬ್ಬೊಬ್ಬರ ಕೈಗೆ ಒಂದೊಂದು ವಿನ್ಯಾಸ. ಸಂಗೀತಕ್ಕೆ ಇದು ಸಂಪತ್ತು, ಮಾರುವವನಿಗೆ ತಲೆನೋವು. ಒಂದರ ಬೆಲೆ ಇನ್ನೊಂದಕ್ಕೆ ಆಧಾರವಾಗುವುದಿಲ್ಲ. ತಂತಿಗಳು ಬಹಳ ಎತ್ತರದಲ್ಲಿ ಇರುವುದರಿಂದ ಬೆರಳಲ್ಲಿ ಒತ್ತಿ ನುಡಿಸಲೂ ಆಗದು. ಹಾಗಾಗಿ ಸಾಮಾನ್ಯ ಗಿಟಾರ್ ಕಲಿಯುವವರು ಗಿರಾಕಿಗಳಲ್ಲ.

ಬೆಲೆ ಕಟ್ಟಲು ನಾನು ಮೊದಲು ಎರಡು ಗಡಿ ಗುರುತು ಹಾಕಿಕೊಂಡೆ. ಎಂಟು ವರ್ಷದ ಹಿಂದೆ ಕೊಟ್ಟದ್ದು 42,000 ರೂಪಾಯಿ. ಅಂಥದ್ದನ್ನೇ ಈಗ ಮಾಡಿಸಿದರೆ 65,000, ಜೊತೆಗೆ ತಿಂಗಳುಗಟ್ಟಲೆ ಕಾಯಬೇಕು ಎಂದರು ಮಾಡಿದವರು. ಅದು ಮೇಲಿನ ಗಡಿ. ವಾದ್ಯದ ಅಂಗಡಿಯವರು ಕೊಡಲು ಒಪ್ಪಿದ್ದು 18,000. ಅದು ಕೆಳಗಿನ ಗಡಿ. ಅಂಗಡಿಯವರದ್ದು ಅನ್ಯಾಯವಲ್ಲ, ಸರಿಯಾದ ಗಿರಾಕಿ ಬರುವವರೆಗೆ ಅವರ ದುಡ್ಡು ಅಲ್ಲೇ ಕೂತಿರಬೇಕಲ್ಲ. ನಾನು ಹಿಂದೆ ಎಷ್ಟು ಕೊಟ್ಟಿದ್ದೆ ಎಂಬುದು ಈ ಎರಡು ಗಡಿಗಳಲ್ಲಿ ಯಾವುದನ್ನೂ ಕದಲಿಸುವುದಿಲ್ಲ.

ನಡುವಿನ 47,000 ರೂಪಾಯಿಯ ಅಂತರ ಏನು? ಬಹುಪಾಲು ಅದು ಕೊಳ್ಳುವವರ ಅನುಮಾನ. ದಂಡಿ ಬಾಗಿದೆಯೇ? ತಂತಿಗಳ ಎಳೆತಕ್ಕೆ ಮೇಲ್ಹಲಗೆ ಉಬ್ಬಿದೆಯೇ? ಬಿರಡೆ ಜಾರುತ್ತದೆಯೇ? ಉತ್ತರವಿಲ್ಲದ ಪ್ರತಿ ಪ್ರಶ್ನೆಗೂ ಕೊಳ್ಳುವವರು ಮನಸ್ಸಿನಲ್ಲೇ ಒಂದಿಷ್ಟು ಕಡಿತ ಮಾಡಿಕೊಳ್ಳುತ್ತಾರೆ. ಹಾಗಾಗಿ ಮಾರುವವನ ಕೆಲಸ ಹೊಗಳುವುದಲ್ಲ, ಪ್ರಶ್ನೆಗಳನ್ನು ಕಡಿಮೆ ಮಾಡುವುದು.

ಹೊಸ ತಂತಿ ಹಾಕಿಸಿ, ಜಾರುತ್ತಿದ್ದ ಒಂದು ಬಿರಡೆ ಬದಲಿಸಿದೆ. ಖರ್ಚು 2,500. ಪಾಲಿಶ್ ಮಾತ್ರ ಮುಟ್ಟಲಿಲ್ಲ. ಹೊಸ ಹೊಳಪು ಕಂಡರೆ ಅಡಿಯಲ್ಲಿ ಏನು ಮುಚ್ಚಿದ್ದಾರೋ ಎಂಬ ಶಂಕೆ ಹುಟ್ಟುತ್ತದೆ. ದಂಡಿಯ ಉದ್ದಕ್ಕೂ ನೇರಪಟ್ಟಿ ಇಟ್ಟು ಫೋಟೊ ತೆಗೆದೆ, ಬೆನ್ನಿನ ಗೀರನ್ನು ಹತ್ತಿರದಿಂದ ತೋರಿಸಿದೆ. ಒಂದೇ ರಾಗವನ್ನು ನಿಧಾನವಾಗಿ ನುಡಿಸಿ, ಎಲ್ಲೂ ಕತ್ತರಿಸದೆ ವಿಡಿಯೊ ಮಾಡಿದೆ. ಮಾಡಿದವರ ರಸೀದಿ, ಮರದ ಹೆಸರು ಜೊತೆಗಿಟ್ಟೆ. ಮರದ ಹೆಸರಿಗೂ ಬೆಲೆಯಿದೆ. 2017ರಲ್ಲಿ ಬೀಟೆಯ ಕುಲದ ಮರಗಳೆಲ್ಲ ಅಂತಾರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಸೈಟಿಸ್ ಪಟ್ಟಿಗೆ ಸೇರಿದವು. ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿದ್ದು 2019ರ ಕೊನೆಗೆ. ಹೊರದೇಶಕ್ಕೆ ಒಯ್ಯುವವರು ಯಾವ ಮರ ಎಂದು ಕೇಳಿಯೇ ಕೇಳುತ್ತಾರೆ.

ಕೇಳಿದ ಬೆಲೆ 50,000. ಏನೂ ವಿಚಾರಿಸದೆ ತಕ್ಷಣ ಒಪ್ಪಿದವರೊಬ್ಬರು ಕ್ಯೂಆರ್ ಕೋಡ್ ಕಳಿಸಿ, “ಸ್ಕ್ಯಾನ್ ಮಾಡಿ ಪಿನ್ ಹಾಕಿ, ದುಡ್ಡು ಬರುತ್ತೆ” ಎಂದರು. ಯುಪಿಐನಲ್ಲಿ ಹಣ ಪಡೆಯಲು ಪಿನ್ ಬೇಕಿಲ್ಲ. ಪಿನ್ ಒತ್ತಿದರೆ ಹೋಗುವುದು ನಮ್ಮ ದುಡ್ಡೇ. ಆ ಮಾತುಕತೆ ಅಲ್ಲಿಗೇ ಮುಗಿಯಿತು. ನಿಜವಾದ ಗಿರಾಕಿ ಧಾರವಾಡದ ಕಡೆಯ ವಿದ್ಯಾರ್ಥಿ. ಫೋನಿನಲ್ಲಿ ಅವನ ಮೊದಲ ಮಾತು, “ಸರ್, ಬೆಲೆ ಆಮ್ಯಾಲ ಮಾತಾಡೋಣ್ರೀ, ತರಬ್ ತಂತಿ ಎಲ್ಲಾ ಛಲೋ ನುಡೀತಾವೇನ್ರೀ?” ಅವನು ಕೇಳಿದ್ದು ಮುಖ್ಯ ತಂತಿಗಳ ಜೊತೆ ತಾವಾಗಿಯೇ ಅನುರಣಿಸುವ ತಂತಿಗಳ ಬಗ್ಗೆ. ತನ್ನ ಗುರುಗಳನ್ನೂ ಕರೆತಂದ. ಅವರು ಬಹಳ ಹೊತ್ತು ನುಡಿಸಿ ನೋಡಿ, “ಹುಡುಗಗ ಸ್ವಲ್ಪ ಬಿಟ್ಟುಕೊಡ್ರಿ” ಎಂದರು. 46,000ಕ್ಕೆ ಮಾತು ಮುಗಿಯಿತು. ಹಣ ಖಾತೆಗೆ ಬಂದದ್ದನ್ನು ಬ್ಯಾಂಕಿನ ಆ್ಯಪ್‌ನಲ್ಲೇ ನೋಡಿಕೊಂಡು ವಾದ್ಯ ಕೊಟ್ಟೆ.

ಕೊಂಡದ್ದಕ್ಕಿಂತ ಹೆಚ್ಚು ಬಂತಲ್ಲ, ತೆರಿಗೆ? ಸ್ವಂತ ಬಳಕೆಯ ಚರವಸ್ತು ಆದಾಯ ತೆರಿಗೆಯ ಲೆಕ್ಕದಲ್ಲಿ ಬಂಡವಾಳ ಆಸ್ತಿಯಲ್ಲ, ಹಾಗಾಗಿ ಬಂಡವಾಳ ಲಾಭದ ತೆರಿಗೆ ಇಲ್ಲ. ಆಭರಣ, ಚಿತ್ರ, ಶಿಲ್ಪ ಮುಂತಾದ ಕಲಾಕೃತಿಗಳಿಗೆ ಈ ಸವಲತ್ತಿಲ್ಲ. ವಾದ್ಯ ಕೊಂಡು ಮಾರುವುದನ್ನೇ ಕಸುಬು ಮಾಡಿಕೊಂಡವರ ಲೆಕ್ಕವೂ ಬೇರೆ.

ಆದರೆ ಇದನ್ನು ಲಾಭ ಎನ್ನಲಾರೆ. ಅದೇ 42,000 ಶೇ 6.5ರ ಬಡ್ಡಿಯಲ್ಲಿ ಎಂಟು ವರ್ಷ ಬೆಳೆದಿದ್ದರೆ ಸುಮಾರು 69,500 ಆಗುತ್ತಿತ್ತು. ಖರ್ಚು ಕಳೆದು ನನ್ನ ಕೈಗೆ ಬಂದದ್ದು 43,500. ಕೊರತೆ 26,000, ಅಂದರೆ ತಿಂಗಳಿಗೆ 270 ರೂಪಾಯಿ ಬಾಡಿಗೆ. ಒಳ್ಳೆಯ ವಾದ್ಯಕ್ಕೆ ಅದು ಅಗ್ಗವೇ. ಅಂಗಡಿಯ 18,000ಕ್ಕೇ ಕೊಟ್ಟಿದ್ದರೆ ಬಾಡಿಗೆ 500 ದಾಟುತ್ತಿತ್ತು. ಹೊಸ ವಾದ್ಯ ಮಾಡಿಸುವವರು ರಸೀದಿಯಲ್ಲಿ ಮರದ ಹೆಸರು, ತಯಾರಾದ ವರ್ಷ, ಮಾಡಿದವರ ಸಹಿ ಅಂದೇ ಬರೆಸಿಕೊಳ್ಳಿ. ಪುಕ್ಕಟೆಯಾಗಿ ಸಿಗುವ ಆ ಎರಡು ಸಾಲು ಮಾರುವ ದಿನ ಸಾವಿರಗಳ ಚೌಕಾಸಿ ತಪ್ಪಿಸುತ್ತವೆ.