ಪಿಕಪ್‌ಗೆ ಡೀಸೆಲ್ ಎಂಜಿನ್: ಗೇರ್‌ಬಾಕ್ಸ್ ಯಾವುದು?

ಟೆಕ್ಸಾಸ್‌ನ ಓದುಗರೊಬ್ಬರ ಹಳೆಯ ಷೆವರ್ಲೆ ಪಿಕಪ್‌ನ ಪೆಟ್ರೋಲ್ ಎಂಜಿನ್ ಕೈಕೊಟ್ಟಿದೆ. ಆ ಜಾಗಕ್ಕೆ ಅವರು ಆರಿಸಿರುವುದು ಅಮೆರಿಕದ ಬ್ರೆಡ್ ವ್ಯಾನ್‌ಗಳಲ್ಲಿ ದುಡಿದ 3.9 ಲೀಟರಿನ ಕಮಿನ್ಸ್ 4ಬಿಟಿ. ಗೇರ್‌ಬಾಕ್ಸ್ ಯಾವುದಿರಲಿ ಎಂಬುದು ಅವರ ಪ್ರಶ್ನೆ.

ಐದು ಗೇರಿನ ಎನ್‌ವಿ4500 ಮ್ಯಾನುಯಲ್ ಒಳ್ಳೆಯ ಜೋಡಿ; ಕಾರಣ ಅದರ ಐದನೇ ಗೇರು.

ಈ ಎಂಜಿನ್ನಿನ ಓಟ ಸುಮಾರು 2,500 ಆರ್‌ಪಿಎಂಗೆ ಮುಗಿಯುತ್ತದೆ. ಆಕ್ಸಲ್ ಅನುಪಾತ 4.10, ಟೈರಿನ ಎತ್ತರ 30 ಇಂಚು ಎಂದಿಟ್ಟುಕೊಂಡರೆ, ಗಂಟೆಗೆ 65 ಮೈಲಿ ವೇಗಕ್ಕೆ ನಾಲ್ಕನೇ ಗೇರಿನಲ್ಲಿ ಹತ್ತಿರ ಹತ್ತಿರ 3,000 ಆರ್‌ಪಿಎಂ ಬೇಕು. 0.73 ಅನುಪಾತದ ಐದನೇ ಗೇರಿಗೆ 2,200 ಸಾಕು.

ಷೆವರ್ಲೆಯ ಬೆಲ್‌ಹೌಸಿಂಗ್ ಕಮಿನ್ಸ್‌ಗೆ ನೇರವಾಗಿ ಕೂರುವುದಿಲ್ಲ. ಎಂಜಿನ್ ಕೊಳ್ಳುವಾಗಲೇ ಅಡಾಪ್ಟರ್ ಪ್ಲೇಟನ್ನೂ ಕೇಳಿ ಪಡೆಯಬೇಕು. ಎಂಜಿನ್ನಿನ ತೂಕ ಸುಮಾರು 340 ಕಿಲೋ, ನಡುಕವೂ ಜಾಸ್ತಿ. ಹಾಗಾಗಿ ಮುಂದಿನ ಸ್ಪ್ರಿಂಗ್, ರಬ್ಬರ್ ಮೌಂಟ್‌ಗಳ ಖರ್ಚನ್ನು ಮೊದಲೇ ಲೆಕ್ಕಕ್ಕೆ ಸೇರಿಸಿಕೊಳ್ಳುವುದು ಒಳಿತು.