ಪರ್ವತ ದೇಶದಲ್ಲಿ ವ್ಯಾಪಾರಿಯ ಸಂಚಾರ: ಕಿರ್ಗಿಸ್ತಾನದ ಪಾಠ

ಕಿರ್ಗಿಸ್ತಾನದ ರಾಜಧಾನಿ ಬಿಷ್ಕೆಕ್‌ನಿಂದ ದಕ್ಷಿಣದ ಪ್ರಮುಖ ನಗರ ಓಷ್‌ಗೆ ನಕಾಶೆಯ ಮೇಲೆ ನೇರ ಗೆರೆ ಎಳೆದರೆ ದೂರ ಸುಮಾರು 300 ಕಿ.ಮೀ. ರಸ್ತೆಯಲ್ಲಿ ಕ್ರಮಿಸಬೇಕಾದ ದೂರ 600 ಕಿ.ಮೀ.ಗೂ ಅಧಿಕ; ತಗಲುವ ಅವಧಿ 10ರಿಂದ 12 ಗಂಟೆ. ಈ ಅಂತರವನ್ನು ಲೆಕ್ಕಕ್ಕೆ ಹಿಡಿಯದೆ ಭೇಟಿಯ ದಿನಾಂಕವನ್ನು ನಿಗದಿಪಡಿಸಿದ ವ್ಯಾಪಾರಿಯು ಗಿರಾಕಿಯ ಮುಂದೆ ಮಾತು ತಪ್ಪಬೇಕಾಗುತ್ತದೆ. ಆದುದರಿಂದ ಅಲ್ಲಿನ ಸಂಚಾರ ವ್ಯವಸ್ಥೆಯ ಅಧ್ಯಯನವು ವ್ಯವಹಾರದ ಪೂರ್ವಸಿದ್ಧತೆಯ ಒಂದು ಅಂಗವೇ ಆಗಿದೆ.

ನಾಡಿನ ರಚನೆ

1991ರಲ್ಲಿ ಸ್ವತಂತ್ರವಾದ ಕಿರ್ಗಿಸ್ತಾನಕ್ಕೆ ಸಮುದ್ರ ತೀರವಿಲ್ಲ. ಸುಮಾರು 2 ಲಕ್ಷ ಚದರ ಕಿ.ಮೀ. ವಿಸ್ತೀರ್ಣದ ಈ ದೇಶದ ಬಹುಭಾಗವನ್ನು ತಿಯಾನ್ ಶಾನ್ ಪರ್ವತ ಶ್ರೇಣಿ ಆವರಿಸಿದೆ. ಶೇ. 90ಕ್ಕೂ ಹೆಚ್ಚು ಭೂಭಾಗ 1,500 ಮೀಟರಿಗಿಂತ ಎತ್ತರದಲ್ಲಿದೆ. ಬಿಷ್ಕೆಕ್ ಈ ಪರ್ವತಗಳ ಉತ್ತರ ತಪ್ಪಲಿನಲ್ಲಿದ್ದರೆ, ಓಷ್ ಮತ್ತು ಜಲಾಲಾಬಾದ್ ದಕ್ಷಿಣದ ಫರ್ಗಾನಾ ಕಣಿವೆಯ ಅಂಚಿನಲ್ಲಿವೆ. ಎರಡು ಮಾರುಕಟ್ಟೆ ಪ್ರದೇಶಗಳ ನಡುವೆ ಪರ್ವತವೇ ಗೋಡೆಯಾಗಿ ನಿಂತಿದೆ.

ರೈಲು ಮಾರ್ಗಗಳು ಬಹುಪಾಲು ಸೋವಿಯತ್ ಕಾಲದಲ್ಲಿ ನಿರ್ಮಾಣಗೊಂಡವು. ಆಗ ಗಣರಾಜ್ಯಗಳ ನಡುವಿನ ಗಡಿ ಕೇವಲ ಆಡಳಿತಾತ್ಮಕವಾಗಿತ್ತು. ಉತ್ತರದ ಮಾರ್ಗವು ಕಝಾಕಸ್ತಾನಕ್ಕೂ, ದಕ್ಷಿಣದ ಕವಲುಗಳು ಉಜ್ಬೇಕಿಸ್ತಾನಕ್ಕೂ ಸೇರಿದವು. ಉತ್ತರ ದಕ್ಷಿಣಗಳನ್ನು ದೇಶದೊಳಗೇ ಜೋಡಿಸುವ ಹಳಿ ಹಾಕಲಿಲ್ಲ. ಚೀನಾ–ಕಿರ್ಗಿಸ್ತಾನ–ಉಜ್ಬೇಕಿಸ್ತಾನ ರೈಲು ಮಾರ್ಗದ ಕಾಮಗಾರಿಗೆ 2024ರ ಡಿಸೆಂಬರ್‌ನಲ್ಲಿ ಚಾಲನೆ ದೊರೆಯಿತು. ಆದರೂ ದೇಶದೊಳಗಿನ ಸಂಚಾರದ ಮುಖ್ಯ ಆಧಾರ ರಸ್ತೆಯೇ.

ಬಿಷ್ಕೆಕ್–ಓಷ್ ಹೆದ್ದಾರಿ

ಬಿಷ್ಕೆಕ್‌ನಿಂದ ಪಶ್ಚಿಮಕ್ಕೆ ಕಾರಾ-ಬಾಲ್ಟಾವರೆಗೆ ಸಮತಟ್ಟಾಗಿ ಸಾಗುವ ರಸ್ತೆ ಅಲ್ಲಿಂದ ದಕ್ಷಿಣಕ್ಕೆ ತಿರುಗಿ ಟೂ-ಅಶೂ ಕಣಿವೆದಾರಿಯನ್ನು ಏರುತ್ತದೆ. 3,000 ಮೀಟರಿಗೂ ಎತ್ತರದಲ್ಲಿ ಸುಮಾರು ಎರಡೂವರೆ ಕಿ.ಮೀ. ಉದ್ದದ ಸುರಂಗವನ್ನು ದಾಟಿದ ಮೇಲೆ ವಿಶಾಲವಾದ ಸೂಸಮಿರ್ ಹುಲ್ಲುಗಾವಲು ತೆರೆದುಕೊಳ್ಳುತ್ತದೆ. ಮತ್ತೆ 3,000 ಮೀಟರ್ ಮೀರಿದ ಅಲಾ-ಬೆಲ್ ಘಟ್ಟವನ್ನೇರಿ ಇಳಿದರೆ ಟೊಕ್ಟೊಗುಲ್ ಜಲಾಶಯ; ಮುಂದೆ ನರಿನ್ ನದಿಯ ಕಮರಿ; ಅನಂತರ ಜಲಾಲಾಬಾದ್. ಅಲ್ಲಿಂದಲೂ ಉಜ್ಬೇಕ್ ನೆಲವನ್ನು ತಪ್ಪಿಸಲು ರಸ್ತೆಯು ಉಜ್ಗೆನ್ ಪಟ್ಟಣದ ಮೂಲಕ ಸುತ್ತಿ ಓಷ್ ತಲುಪುತ್ತದೆ.

ಚಳಿಗಾಲದಲ್ಲಿ ಹಿಮಪಾತ ಮತ್ತು ಹಿಮಕುಸಿತಗಳಿಂದ ಈ ಘಟ್ಟಗಳಲ್ಲಿ ಸಂಚಾರ ಸ್ಥಗಿತಗೊಳ್ಳುವುದುಂಟು. ಸುರಂಗದ ಮುಂದೆ ಲಾರಿಗಳು ಸಾಲುಗಟ್ಟಿ ನಿಂತಾಗ ಪ್ರಯಾಣಿಕರ ಕಾರುಗಳೂ ಕಾಯಬೇಕಾಗುತ್ತದೆ. ಬೆಳಿಗ್ಗೆ ಬೇಗ ಹೊರಟು ಹಗಲಿನಲ್ಲಿಯೇ ಘಟ್ಟ ದಾಟುವುದು ಕ್ಷೇಮಕರ.

ಆಸನ ತುಂಬಿದ ಮೇಲೆ ಹೊರಡುವ ವಾಹನ

ನಗರ ಮತ್ತು ಜಿಲ್ಲೆಗಳ ನಡುವೆ 'ಮರ್ಶ್ರುತ್ಕಾ' ಎಂಬ ವ್ಯಾನುಗಳು ಸಂಚರಿಸುತ್ತವೆ. ದೂರದ ಹಾಗೂ ಘಟ್ಟದ ದಾರಿಗಳಲ್ಲಿ ಹಂಚಿಕೆಯ ಟ್ಯಾಕ್ಸಿಗಳೇ ಹೆಚ್ಚು. ಇವುಗಳಲ್ಲಿ ಅನೇಕಕ್ಕೆ ವೇಳಾಪಟ್ಟಿ ಇಲ್ಲ. ಆಸನಗಳು ಭರ್ತಿಯಾದಾಗ ಹೊರಡುತ್ತವೆ.

ಇದರ ಲೆಕ್ಕಾಚಾರವನ್ನು ವ್ಯಾಪಾರಿಯು ಸುಲಭವಾಗಿ ಗ್ರಹಿಸಬಲ್ಲನು. ನಾಲ್ಕು ಆಸನಗಳ ಕಾರಿನಲ್ಲಿ ಮೂರು ಭರ್ತಿಯಾಗಿವೆ ಎಂದು ಭಾವಿಸೋಣ. ಚಾಲಕನಿಗೆ ಬೇಕಾದುದು ನಾಲ್ಕು ಆಸನಗಳ ಹಣ. ನಾಲ್ಕನೆಯವನಿಗಾಗಿ ಕಾಯಬಹುದು, ಮೂವರೂ ತಲಾ ಮೂರನೇ ಒಂದು ಆಸನದ ಹಣ ಹೆಚ್ಚಾಗಿ ಕೊಟ್ಟು ತಕ್ಷಣ ಹೊರಡಬಹುದು, ಇಲ್ಲವೇ ಅವಸರವಿದ್ದ ಒಬ್ಬನೇ ಆ ಆಸನವನ್ನು ಕೊಳ್ಳಬಹುದು. ಕಾಯುವ ಸಮಯದ ಬೆಲೆ ಖಾಲಿ ಆಸನದ ಬೆಲೆಗಿಂತ ಹೆಚ್ಚೇ ಎಂಬುದೊಂದೇ ಇಲ್ಲಿ ಪ್ರಶ್ನೆ. ಮಾದರಿ ಸರಕಿನ ಪೆಟ್ಟಿಗೆಗಳಿದ್ದರೆ ಖಾಲಿ ಆಸನವೇ ಸಾಮಾನಿಗೆ ಸ್ಥಳವೂ ಆಗುತ್ತದೆ. ಬಾಡಿಗೆಯು ಒಬ್ಬರಿಗೋ ಇಡೀ ಕಾರಿಗೋ ಎಂಬುದನ್ನು ಹತ್ತುವ ಮುನ್ನವೇ ಸ್ಪಷ್ಟಪಡಿಸಿಕೊಳ್ಳತಕ್ಕದ್ದು.

ಬಿಷ್ಕೆಕ್–ಓಷ್ ನಡುವೆ ವಿಮಾನ ಸೌಲಭ್ಯವಿದ್ದು, ಹಾರಾಟದ ಅವಧಿ ಒಂದು ಗಂಟೆಯೊಳಗೆ. ಆದರೆ ಪರ್ವತದ ಹವಾಮಾನದಿಂದ ವಿಳಂಬ ಸಂಭವಿಸಬಹುದಾದ್ದರಿಂದ ಮರುದಿನದ ಅಂತಾರಾಷ್ಟ್ರೀಯ ವಿಮಾನವನ್ನು ಅದಕ್ಕೆ ಜೋಡಿಸುವಾಗ ಎಚ್ಚರ ಅಗತ್ಯ.

ಮಾರುಕಟ್ಟೆ ಮತ್ತು ಗಡಿದಾರಿಗಳು

ಬಿಷ್ಕೆಕ್‌ನ ಉತ್ತರದ ಹೊರವಲಯದಲ್ಲಿರುವ ದೊರ್ದೋಯ್ ಪೇಟೆಯು ಹಡಗಿನ ಕಂಟೇನರುಗಳನ್ನು ಒಂದರ ಮೇಲೊಂದಿಟ್ಟು ಕಟ್ಟಿದ ಬೃಹತ್ ಸಗಟು ಮಾರುಕಟ್ಟೆ; ಕೆಳಗಿನ ಕಂಟೇನರು ಅಂಗಡಿ, ಮೇಲಿನದು ಗೋದಾಮು. ದಕ್ಷಿಣದಲ್ಲಿ ಓಷ್ ಸಮೀಪದ ಕಾರಾ-ಸೂ ಪೇಟೆ ಇದೇ ಬಗೆಯ ಕೇಂದ್ರ. ಚೀನಾದ ಸರಕು 3,752 ಮೀಟರ್ ಎತ್ತರದ ತೊರುಗಾರ್ಟ್ ಮತ್ತು ಓಷ್‌ಗೆ ಆಗ್ನೇಯದ ಇರ್ಕೆಷ್ಟಮ್ ಕಣಿವೆದಾರಿಗಳ ಮೂಲಕ ಬರುತ್ತದೆ. 2015ರಲ್ಲಿ ದೇಶವು ಯುರೇಷ್ಯನ್ ಆರ್ಥಿಕ ಒಕ್ಕೂಟವನ್ನು ಸೇರಿತು. ಸುಂಕದ ವಿಚಾರದಲ್ಲಿ ಇದನ್ನು ಗಮನಿಸಬೇಕು.

ನೈಋತ್ಯದ ಬಾಟ್ಕೆನ್ ಪ್ರಾಂತದಲ್ಲಿ ಗಡಿಗಳು ಜಟಿಲ. ತಜಕಿಸ್ತಾನದೊಡನೆ 2021 ಮತ್ತು 2022ರಲ್ಲಿ ಸಂಘರ್ಷಗಳು ನಡೆದವು. 2025ರ ಮಾರ್ಚ್‌ನಲ್ಲಿ ಗಡಿ ಒಪ್ಪಂದಕ್ಕೆ ಸಹಿಯಾಯಿತು. ಈ ಭಾಗಕ್ಕೆ ಹೋಗುವ ಮುನ್ನ ಬಿಷ್ಕೆಕ್‌ನ ಭಾರತೀಯ ರಾಯಭಾರ ಕಚೇರಿಯ ಸೂಚನೆಗಳನ್ನೂ, ವೀಸಾ ನಿಯಮಗಳನ್ನೂ ಪರಿಶೀಲಿಸುವುದು ಅವಶ್ಯ.

ಅಕ್ಷರ ಮತ್ತು ಆರೋಗ್ಯ

ಕಿರ್ಗಿಜ್ ಮತ್ತು ರಷ್ಯನ್ ಭಾಷೆಗಳೆರಡನ್ನೂ ಅಲ್ಲಿ ಸಿರಿಲಿಕ್ ಲಿಪಿಯಲ್ಲಿ ಬರೆಯಲಾಗುತ್ತದೆ. ಈ ಲಿಪಿಯನ್ನು ಅರಿಯದವರು ರೋಮನ್ ಎಂದು ಭ್ರಮಿಸಿ ಮೋಸಹೋಗುತ್ತಾರೆ. ಇಂಗ್ಲಿಷಿನ 'ಎಚ್' ಆಕಾರ ಅಲ್ಲಿ ನಕಾರ, 'ಪಿ' ಆಕಾರ ರಕಾರ, 'ಸಿ' ಆಕಾರ ಸಕಾರ, 'ಬಿ' ಆಕಾರ ವಕಾರ. ಎರಡು ದಿನಗಳ ಅಭ್ಯಾಸದಿಂದ ವಾಹನದ ಫಲಕವನ್ನು ಓದಬಹುದು.

ಘಟ್ಟವನ್ನು ವಾಹನದಲ್ಲಿ ದಾಟುವುದು ಬೇರೆ, ಎತ್ತರದಲ್ಲಿ ರಾತ್ರಿ ತಂಗುವುದು ಬೇರೆ. ಚೀನಾ ದಾರಿಯಲ್ಲಿರುವ ಸಾರಿ-ತಾಷ್ 3,000 ಮೀಟರಿಗೂ ಮೇಲಿದೆ. ತಲೆನೋವು, ವಾಕರಿಕೆ ಹೆಚ್ಚಿದರೆ ತಗ್ಗಿಗೆ ಇಳಿಯುವುದೇ ಸರಿಯಾದ ಉಪಾಯ.

ಸಾರಾಂಶ

1. ದೂರವನ್ನು ಕಿ.ಮೀ.ನಲ್ಲಿ ಅಳೆಯದೆ ಗಂಟೆಗಳಲ್ಲಿ ಅಳೆಯಬೇಕು.
2. ಉತ್ತರ–ದಕ್ಷಿಣ ಪ್ರಯಾಣಕ್ಕೆ ಒಂದು ಪೂರ್ಣ ದಿನವನ್ನೂ, ಚಳಿಗಾಲದಲ್ಲಿ ಮತ್ತೊಂದು ದಿನವನ್ನೂ ಮೀಸಲಿಡಬೇಕು.
3. ಖಾಲಿ ಆಸನದ ಹಣವನ್ನು ಪ್ರಯಾಣ ವೆಚ್ಚದಲ್ಲಿಯೇ ಸೇರಿಸಬೇಕು.
4. ಘಟ್ಟದಾಚೆಯ ಗಿರಾಕಿಗೆ ದಿನಾಂಕ ಕೊಡುವ ಮುನ್ನ ರಸ್ತೆಯ ಸ್ಥಿತಿಯನ್ನು ವಿಚಾರಿಸಬೇಕು.

ಸರಕಿನ ಗುಣಮಟ್ಟ, ಬೆಲೆಗಳೆರಡೂ ಸರಿಯಿದ್ದು ಸಮಯ ತಪ್ಪಿದರೆ ವ್ಯವಹಾರ ಕೈತಪ್ಪುತ್ತದೆ. ಪರ್ವತ ದೇಶದಲ್ಲಿ ಆ ಸಮಯವನ್ನು ನಿರ್ಧರಿಸುವುದು ಘಟ್ಟವೇ ಹೊರತು ಗಡಿಯಾರವಲ್ಲ.